ಮುಟ್ಟಬೇಡ, ನಡೀತಿದೆ

ಅರಸೀಕೆರೆ ಜಂಕ್ಷನ್ನಿನ ಎದುರು
ಎಂಟಡಿಗೆ ಆರಡಿ ನನ್ನ ಅಂಗಡಿ.
ಹುಬ್ಬಳ್ಳಿ ಕಡೆಯ ಗಾಡಿ ಬಂದಾಗ
ತಟ್ಟೆಯ ಸ್ಕ್ರೂಗಳೆಲ್ಲ
ಕೂದಲೆಳೆಯಷ್ಟು ಬಲಕ್ಕೆ ಸರಿಯುತ್ತವೆ.

ದಾಕ್ಷಾಯಣಮ್ಮ ತಂದದ್ದು ಟ್ಯಾಬು.
ಕೊಬ್ಬರಿ ಮಂಡಿಯದು, ಒಂಬತ್ತು ವರ್ಷದ್ದು.
ಚಾರ್ಜರು ಕಚ್ಚುವ ಬಾಯಲ್ಲಿ ತೆಂಗಿನ ನಾರು,
ಗಾಜಿನ ಮೇಲೆ ಎಣ್ಣೆಬೆರಳುಗಳ ವಂಶಾವಳಿ.
"ತಕ್ಕಡಿ ಜೊತೆ ಮಾತು ಬಿಟ್ಟಿದೆ ಕಣಮ್ಮ ಮುಬೀನಾ.
ನಿನ್ನೆ ಏನೋ ಕೇಳ್ತು. ಹೂಂ ಅಂದೆ."

ಹೂಂ ಅನ್ನಬಾರದಿತ್ತು.
ಪರದೆಯ ಮೇಲೆ ಒಂದೇ ಸಾಲು:
ಎಸ್‌ಯು ಹಳತಾಗಿದೆ, ಹೊಸದು ಬೇಕು.

ಏನದು ಅಂದರು. ಹೇಳಿದೆ:
ಕಂಪನಿಯವರು ಮನೆ ಮಾರುತ್ತಾರೆ,
ಅಟ್ಟದ ಬೀಗದ ಕೈ ಮಾತ್ರ ತಾವೇ ಇಟ್ಟುಕೊಳ್ಳುತ್ತಾರೆ.
ಇದರ ಬೀಗ ಯಾರೋ ಹಿಂದೆಯೇ ತೆಗೆದಿದ್ದಾರೆ.
"ಯಾರೋ ಅಲ್ಲ, ನಿಮ್ಮ ಲೋಹಿತನೇ."

ಲೋಹಿತಣ್ಣ.
ನನ್ನ ಕೈಗೆ ಮೊದಲು ಚಿಮಟ ಕೊಟ್ಟವನು.
ರೂಟ್ ಅಂದ್ರೆ ಬೇರು ಕಣೇ, ಅಂದಿದ್ದ,
ಕಿತ್ತು ನೋಡಬಾರದು,
ಪಕ್ಕದ ಮಣ್ಣು ಕೆದರಿ ನೋಡಬೇಕು.
ಈಗ ಬಾಣಾವರದಲ್ಲಿ ಕೋಳಿ ಅಂಗಡಿ.
ಬೆಸುಗೆ ಹಿಡಿಯುವಷ್ಟು ನಿಲ್ಲುತ್ತಿಲ್ಲವಂತೆ ಕೈ.

ಪವರಿನ ಗುಂಡಿ, ಸದ್ದು ಇಳಿಸುವ ಗುಂಡಿ,
ಎರಡನ್ನೂ ಒತ್ತಿ ಹಿಡಿದು ಏಳು ಎಣಿಸಿದೆ.
ಕಿತ್ತಳೆ ಬಣ್ಣದ ಎಚ್ಚರಿಕೆ ಬಂತು:
ಈ ಯಂತ್ರವನ್ನು ನಂಬಲಾಗದು.
ಇದರ ಕಡೆಯಿಂದ ನೋಡಿದರೆ
ನಮ್ಮನ್ನೂ ಹಾಗೇ ಅನ್ನಬಹುದು.

ಒಳಗೊಂದು ಡಬ್ಬಿ, ಡಬ್ಬಿಯ ತುಂಬ ಸಣ್ಣ ಆಳುಗಳು.
ಎಣಿಸುವವನು, ನಕಲು ಮಾಡುವವನು,
ಹೆಸರು ಬದಲಿಸುವವನು,
ಯಾರನ್ನೂ ಕೇಳದೆ ಅಳಿಸಿಬಿಡುವವನು.
ಮಂಡಿಯ ಹಮಾಲರ ಸಾಲಿನಂತೆ:
ಒಬ್ಬ ಕಾಲು ಎಳೆದರೆ
ಹಿಂದಿನವನ ಹೆಗಲ ಮೇಲೆ ಚೀಲ ನಿಂತೇಬಿಡುತ್ತದೆ.
ಒಬ್ಬೊಬ್ಬನನ್ನೇ ಎಬ್ಬಿಸಿ ಹೊಸಬನನ್ನು ಕೂರಿಸುತ್ತಿದ್ದೆ.
ಅರ್ಧಕ್ಕೆ ಬಂದಾಗ
ಕರೆಂಟು ಹೋಯಿತು.

ಅರ್ಧಕ್ಕೆ ನಿಂತರೆ ಇಟ್ಟಿಗೆ.
ನಮ್ಮ ಕಸುಬಿನಲ್ಲಿ ಸತ್ತ ಟ್ಯಾಬಿಗೆ ಅದೇ ಹೆಸರು;
ಗೋಡೆಗೂ ಬಾರದ ಇಟ್ಟಿಗೆ.
ಮೂಲೆಯ ಯುಪಿಎಸ್ಸು ಒಮ್ಮೆ ಕೆಮ್ಮಿ
ಉಸಿರು ಹಿಡಿದುಕೊಂಡಿತು.
ದಾಕ್ಷಾಯಣಮ್ಮ ಸೆರಗಿನಲ್ಲಿ ಗಾಳಿ ಹಾಕಿದರು,
ತಮಗಲ್ಲ, ಟ್ಯಾಬಿಗೆ.

ಹಾಗೆ ಕಾಯುವಾಗಲೇ ಕಂಡದ್ದು
ತಕ್ಕಡಿಯ ಕಡತದಲ್ಲಿ, ಹನ್ನೆರಡನೆಯ ಸಾಲಿನ ಮೇಲೆ,
ಯಂತ್ರ ಓದದೆ ದಾಟಿಹೋಗುವ ಗೆರೆಯಲ್ಲಿ,
ಇಂಗ್ಲಿಷ್ ಅಕ್ಷರದ ಕನ್ನಡ:
ಮುಟ್ಟಬೇಡ. ನಡೀತಿದೆ. ಲೋಹಿ.

ಯಾರಿಗೆ ಬರೆದ?
ಆಗ ನಾನಿನ್ನೂ ಒಂಬತ್ತನೇ ಕ್ಲಾಸು.
ಫೋನು ಹಚ್ಚಿದೆ. ಆಚೆ ಕೋಳಿಗಳ ಗದ್ದಲ.
"ಯಾವ ಟ್ಯಾಬು? ನೆನಪಿಲ್ಲ ಬಿಡು.
ನಡೀತಿದ್ರೆ ಯಾಕೆ ಮುಟ್ದೆ?"

ನಡೀತಿರಲಿಲ್ಲ ಅಣ್ಣಾ.

ಐದೂಕಾಲಿಗೆ ಟ್ಯಾಬು ಕೇಳಿತು:
ಅನುಮತಿಸಲೇ, ನಿರಾಕರಿಸಲೇ?
"ನೀವೇ ಒತ್ತಿ" ಅಂದೆ.
ಹೆಬ್ಬೆರಳು ಎತ್ತಿ ಅಲ್ಲೇ ನಿಂತರು.
ಹೂಂ ಅಂದು ಕೆಡಿಸಿದ್ದು ನಿನ್ನೆ ತಾನೇ.
ನನ್ನ ಮುಖ ನೋಡಿದರು. ಒತ್ತಿದರು.

ಬ್ಯಾಂಕಿನ ಆ್ಯಪು ಮಾತ್ರ ಒಪ್ಪಲಿಲ್ಲ:
ಬೀಗ ತೆಗೆದ ಮನೆಗೆ ಅದು ಕಾಲಿಡುವುದಿಲ್ಲ.
"ಹೋಗ್ಲಿ, ದುಡ್ಡಿನ ಲೆಕ್ಕ ಸಾಹುಕಾರರ ಫೋನಲ್ಲಿದೆ.
ನಂದು ಬರೀ ತೂಕ."

ಅವರು ಹಣ ಎಣಿಸುವಷ್ಟರಲ್ಲಿ
ಲೋಹಿಯ ಗೆರೆಯ ಕೆಳಗೆ ಇನ್ನೊಂದು ಗೆರೆ ಬರೆದೆ:
ಮುಟ್ಟಿದ್ದೀನಿ. ಇನ್ನೂ ನಡೀತಿದೆ. ಮುಬಿ.
ಅಳಿಸೋಣ ಅನ್ನಿಸಿತು. ಅಳಿಸಲಿಲ್ಲ.

ಜೊತೆಗೆ ತಂದ ಪುಟ್ಟ ತಕ್ಕಡಿಯನ್ನು
ಕೌಂಟರಿನ ಮೇಲಿಟ್ಟೆವು. ಸೊನ್ನೆ ಮಿನುಗಿತು.
ತೂಗಲು ಕೊಬ್ಬರಿ ಇಲ್ಲ, ಕೈಚೀಲ ಇಟ್ಟರು.
ಒಂದು ಕೆಜಿ ಮುನ್ನೂರ ನಲವತ್ತು.
"ಇಷ್ಟು ಹೊತ್ಕೊಂಡು ತಿರುಗ್ತೀನಾ ದಿನಾ?"
ಅನ್ನುತ್ತ ಒಂದೊಂದೇ ಹೊರಗಿಡತೊಡಗಿದರು:
ಛತ್ರಿ, ಮಾತ್ರೆ ಡಬ್ಬಿ, ಮಂಡಿಯ ಬೀಗದ ಕೈ.

ಗಾಡಿ ಬಂತು. ಅಂಕಿ ನಡುಗಿತು.